ರೈತನ ಮನೆಯ ತೊಲೆ: ಕೊಡಲಿ ಬಾಚಿಗಳ ವಿದ್ಯೆ ಉಳಿಯಬೇಕು

ಹೊಲದ ಬದುವಿನಲ್ಲಿ ಬೆಳೆದ ಮರವು ರೈತನು ಕೂಡಿಟ್ಟ ಹಣಕ್ಕೆ ಸಮಾನ. ಅಜ್ಜನು ನೆಟ್ಟುದು ಮೊಮ್ಮಗನ ಕಾಲಕ್ಕೆ ಒದಗುತ್ತದೆ. ಇಂತಹ ಸೊತ್ತು ಮೈಸೂರು ನಗರದ ಸುತ್ತಣ ಗ್ರಾಮಗಳಲ್ಲಿ ಈಚೆಗೆ ವಿನಿಯೋಗವಾಗುತ್ತಿರುವ ರೀತಿಯನ್ನು ನೋಡಿದರೆ ವ್ಯಸನವಾಗುತ್ತದೆ. ನೆಟ್ಟಗೆ ಬೆಳೆದ ಬೇವು, ಹಲಸು, ಜಾಲಿಯ ಮರಗಳು ನಿಂತಲ್ಲಿಯೇ ಸೌದೆಯ ಬೆಲೆಗೆ ವ್ಯಾಪಾರಿಯ ಪಾಲಾಗುತ್ತವೆ. ತರುವಾಯ ಅದೇ ರೈತನು ಕೊಟ್ಟಿಗೆ ಕಟ್ಟುವುದಕ್ಕಾಗಿ ಸಾಲಮಾಡಿ, ಪೇಟೆಯಿಂದ ತೊಲೆಯನ್ನೋ ಕಬ್ಬಿಣವನ್ನೋ ಕೊಂಡು ತರುತ್ತಾನೆ. ಮರವು ಬಿದ್ದ ಸ್ಥಳದಲ್ಲಿಯೇ ದಿಮ್ಮಿಯನ್ನು ತೊಲೆಯಾಗಿ ಕೆತ್ತಬಲ್ಲವರು ಊರಿನಲ್ಲಿ ವಿರಳವಾಗಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಆದಕಾರಣ ಈ ಕೈಕಸಬನ್ನು ಉಳಿಸುವುದು ವ್ಯವಸಾಯದ ಹಿತಕ್ಕೇ ಸೇರಿದ ವಿಷಯವೆಂದು ನನ್ನ ಅಭಿಪ್ರಾಯ.

ನಾರ್ವೆ, ರಷ್ಯಾ ಮೊದಲಾದ ಶೀತದೇಶಗಳಲ್ಲಿ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿ ಗೋಡೆಗಳನ್ನೇ ನಿರ್ಮಿಸುವುದುಂಟು. ಗೆದ್ದಲಿನ ಕಾಟವುಳ್ಳ ನಮ್ಮ ಬಯಲುಸೀಮೆಗೆ ಅದು ಒಗ್ಗುವುದಿಲ್ಲ. ನಮ್ಮ ಹಿರಿಯರು ಗೋಡೆಯನ್ನು ಮಣ್ಣಿಗೆ ಬಿಟ್ಟು, ಕಂಬ, ಬೋದಿಗೆ, ತೊಲೆ, ಜಂತೆಗಳಿಗೆ ಮಾತ್ರ ಮರವನ್ನು ಬಳಸಿದರು. ತೊಟ್ಟಿಯ ಮನೆಗಳ ಹಳೆಯ ತೊಲೆಗಳ ಮೇಲೆ ಬಾಚಿಯ ಅಲೆಯಲೆಯಾದ ಗುರುತುಗಳನ್ನು ಈಗಲೂ ಕಾಣಬಹುದು.

ಕೆಲಸದ ಕ್ರಮವು ಕಠಿಣವಾದುದಲ್ಲ. ದಿಮ್ಮಿಯನ್ನು ಎರಡು ಅಡ್ಡಮರಗಳ ಮೇಲಿಟ್ಟು, ಉರುಳದಂತೆ ಬೆಣೆ ಕೊಡಬೇಕು. ಎರಡು ತುದಿಗಳಲ್ಲಿಯೂ ತೂಗುಗುಂಡಿನಿಂದ ಅಳತೆ ಹಿಡಿದು ತೊಲೆಯ ಆಕಾರವನ್ನು ಗುರುತಿಸಿ, ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಉದ್ದಕ್ಕೆ ಹೊಡೆಯಬೇಕು. ಗೆರೆಯ ಆಳದವರೆಗೆ ಅಡಿಗೊಂದರಂತೆ ಕಚ್ಚು ಹಾಕಿ, ನಡುವಣ ಭಾಗಗಳನ್ನು ಕೊಡಲಿಯಿಂದ ಸೀಳಿ ತೆಗೆದು, ಕೊನೆಗೆ ಬಾಚಿಯಿಂದ ನಯಮಾಡಬೇಕು. ಮರವು ಹಸಿಯಾಗಿರುವಾಗಲೇ ಈ ಕೆಲಸ ಸುಲಭ. ಒಣಗಿದ ಜಾಲಿಯು ಕೊಡಲಿಗೆ ಬಗ್ಗುವುದಿಲ್ಲ. ಕೆತ್ತಿದ ತೊಲೆಯ ತುದಿಗಳಿಗೆ ಸಗಣಿ ಬಳಿದು, ನೆಲಕ್ಕೆ ತಾಗದಂತೆ ನೆರಳಿನಲ್ಲಿ ಪೇರಿಸಿದರೆ ಸೀಳು ಕಡಿಮೆಯಾಗುತ್ತದೆ.

ತೊಲೆಯನ್ನು ಚಚ್ಚೌಕವಾಗಿ ಕೆತ್ತಿಸುವ ವಾಡಿಕೆಯುಂಟು. ಆದರೆ ತೊಲೆಯ ಬಲವು ಅಗಲಕ್ಕಿಂತ ಎತ್ತರವನ್ನು ಹೆಚ್ಚಾಗಿ ಅವಲಂಬಿಸಿರುತ್ತದೆ. ದುಂಡು ದಿಮ್ಮಿಯಿಂದ ಅತ್ಯಂತ ಬಲವಾದ ತೊಲೆ ದೊರೆಯಬೇಕಾದರೆ ಅಗಲ ೫ ಪಾಲು, ಎತ್ತರ ೭ ಪಾಲು ಇರಬೇಕು. ತುದಿಯ ವ್ಯಾಸವನ್ನು ಮೂರು ಸಮಪಾಲು ಮಾಡಿ, ನಡುವಣ ಎರಡು ಬಿಂದುಗಳ ಪೈಕಿ ಒಂದರಿಂದ ಮೇಲಕ್ಕೂ ಇನ್ನೊಂದರಿಂದ ಕೆಳಕ್ಕೂ ಮೂಲೆಮಟ್ಟದಿಂದ ಗೆರೆಯೆಳೆದು, ಅವು ಅಂಚನ್ನು ಮುಟ್ಟಿದೆಡೆಗಳನ್ನು ವ್ಯಾಸದ ಕೊನೆಗಳಿಗೆ ಸೇರಿಸಿದರೆ ಈ ಆಕಾರವು ತಾನಾಗಿ ಬರುತ್ತದೆ. ೧೨ ಅಂಗುಲ ವ್ಯಾಸದ ದಿಮ್ಮಿಯಲ್ಲಿ ಅಗಲ ಸುಮಾರು ೭ ಅಂಗುಲ, ಎತ್ತರ ೧೦ ಅಂಗುಲಕ್ಕೆ ತುಸು ಕಡಿಮೆ. ಅದೇ ದಿಮ್ಮಿಯ ಚಚ್ಚೌಕ ತೊಲೆಗಿಂತ ಇದರ ಬಲ ನೂರಕ್ಕೆ ಸುಮಾರು ೯ ಪಾಲು ಹೆಚ್ಚು.

ಗರಗಸದ ಕಾರ್ಖಾನೆಯಲ್ಲಿ ಗಳಿಗೆಯಲ್ಲಿ ಮುಗಿಯುವ ಕೆಲಸಕ್ಕೆ ದಿನಗಟ್ಟಲೆ ಕೂಲಿ ಏಕೆ ಎಂದು ಕೆಲವರು ಕೇಳಬಹುದು. ಹಲಗೆಗೆ ಗರಗಸವೇ ಸರಿ, ಅದರಲ್ಲಿ ವಿವಾದವಿಲ್ಲ. ಆದರೆ ಗರಗಸವು ಗೆರೆಯನ್ನು ಮಾತ್ರ ನೋಡುತ್ತದೆ. ಮರ ಬಾಗಿದಲ್ಲಿ ನಾರನ್ನು ಅಡ್ಡ ಕೊಯ್ದುಬಿಡುತ್ತದೆ. ಕೊಡಲಿ ಹಿಡಿದವನು ನಾರಿನ ಜಾಡನ್ನು ಅನುಸರಿಸಬಲ್ಲನು. ಗಂಟು, ತಿರುಚು, ಟೊಳ್ಳುಗಳು ಅವನಿಗೆ ಪೆಟ್ಟುಪೆಟ್ಟಿಗೂ ತಿಳಿಯುತ್ತವೆ. ಮೇಲೆ ಹೇಳಿದ ಅಳತೆಯಲ್ಲಿ ದಿಮ್ಮಿಯ ನೂರಕ್ಕೆ ಸುಮಾರು ೪೦ ಪಾಲು ಚಕ್ಕೆಯಾಗುವುದು ನಿಜ. ಆದರೆ ಅದರಲ್ಲಿ ಬಹುಭಾಗವು ಹೊರಸುತ್ತಿನ ಬಿಳಿಯ ಮರ. ಗೆದ್ದಲೂ ಕುಟ್ಟೆಹುಳುವೂ ಮೊದಲು ಹಿಡಿಯುವುದು ಅದನ್ನೇ. ಚೇಗು ತೊಲೆಯಾಗಿ, ಚಕ್ಕೆ ಒಲೆಗೆ ಸೇರಿದರೆ ನಷ್ಟವೇನು? ದಿಮ್ಮಿಯನ್ನು ಪೇಟೆಗೆ ಸಾಗಿಸುವ ಬಾಡಿಗೆಯೂ ಉಳಿಯುತ್ತದೆ.

ಮರದ ಕಟ್ಟಡಕ್ಕೆ ಆಯುಸ್ಸಿಲ್ಲವೆಂಬ ಆಕ್ಷೇಪಣೆಯೂ ಉಂಟು. ಬೆಂಕಿಯ ಭಯವನ್ನು ಅಲ್ಲಗಳೆಯಲಾಗದು. ಮೈಸೂರಿನ ಹಳೆಯ ಮರದ ಅರಮನೆಯು ೧೮೯೭ರಲ್ಲಿ ಬೆಂಕಿಗೆ ಆಹುತಿಯಾಯಿತು. ೧೯೧೨ರಲ್ಲಿ ಪೂರ್ತಿಯಾದ ಹೊಸ ಅರಮನೆಯಲ್ಲಿ ಕಲ್ಲಿಗೂ ಕಬ್ಬಿಣಕ್ಕೂ ಪ್ರಾಧಾನ್ಯ ದೊರೆಯಿತು. ಆದರೆ ಸಮೀಪದ ಶ್ರೀರಂಗಪಟ್ಟಣದಲ್ಲಿ ೧೭೮೪ರಲ್ಲಿ ಬಹುಪಾಲು ತೇಗದಿಂದ ಕಟ್ಟಿದ ದರಿಯಾ ದೌಲತ್ ಇಂದಿಗೂ ನಿಂತಿದೆ. ಪ್ಯಾರಿಸ್ ನಗರದ ನೋತ್ರ್ ದಾಮ್ ಚರ್ಚಿನ ಮರದ ಛಾವಣಿಯು ೨೦೧೯ರಲ್ಲಿ ಸುಟ್ಟುಹೋದಾಗ, ಅಲ್ಲಿನ ಬಡಗಿಗಳು ಅದಕ್ಕೆಂದೇ ಕೊಡಲಿಗಳನ್ನು ಮಾಡಿಸಿಕೊಂಡು, ಹಸಿಯ ಓಕ್ ದಿಮ್ಮಿಗಳನ್ನು ಕೈಯಿಂದಲೇ ಕೆತ್ತಿ ತೊಲೆಗಳನ್ನು ಸಿದ್ಧಪಡಿಸಿದರು. ೨೦೨೪ರ ಡಿಸೆಂಬರಿನಲ್ಲಿ ಆ ಚರ್ಚು ಮತ್ತೆ ತೆರೆಯಿತು. ಯಂತ್ರಗಳಿಗೆ ಕೊರತೆಯಿಲ್ಲದ ದೇಶದಲ್ಲಿಯೂ ಈ ವಿದ್ಯೆಗೆ ಬೆಲೆಯಿರುವುದು ನಮಗೆ ಗಮನಾರ್ಹ.

ಹೀಗೆಂದು ಯಾರೂ ಮನಬಂದಂತೆ ಮರ ಕಡಿಯಲಾಗದು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ತೆಂಗು ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಮಿಕ್ಕವುಗಳ ಬಗ್ಗೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅಪ್ಪಣೆ ಪಡೆದೇ ಕೊಡಲಿ ಎತ್ತಬೇಕು. ಒಂದು ಮರ ಬಿದ್ದಲ್ಲಿ ಎರಡು ಸಸಿ ನೆಡುವುದೂ ಕರ್ತವ್ಯ.

ಇನ್ನು ಆಗಬೇಕಾದುದೇನು? ೨೦೨೩ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ತರಬೇತಿಯನ್ನೂ ಉಪಕರಣಗಳಿಗಾಗಿ ೧೫,೦೦೦ ರೂಪಾಯಿಗಳವರೆಗೆ ಸಹಾಯವನ್ನೂ ಗೊತ್ತುಪಡಿಸಲಾಯಿತು. ಇಂತಹ ತರಬೇತಿಗಳಲ್ಲಿ ವಿದ್ಯುತ್ ಯಂತ್ರಗಳ ಜೊತೆಗೆ ಕೊಡಲಿ ಬಾಚಿಗಳ ಕೆಲಸಕ್ಕೂ ಸ್ಥಾನವಿರಲಿ. ಸುತ್ತೂರು ಜಾತ್ರೆಯ ಕೃಷಿಮೇಳದಂತಹ ಕಡೆಗಳಲ್ಲಿ, ಸಾವಿರಾರು ರೈತರು ಸೇರಿರುವಾಗ, ಒಂದು ದಿಮ್ಮಿಯನ್ನು ಅವರ ಕಣ್ಣೆದುರಿಗೇ ತೊಲೆಯಾಗಿ ಕೆತ್ತಿ ತೋರಿಸಲಿ. ಊರಿನಲ್ಲಿ ಉಳಿದಿರುವ ವೃದ್ಧ ಬಡಗಿಯ ಬಳಿಗೆ ಇಬ್ಬರು ಯುವಕರನ್ನು ಕಳುಹಿಸಲು ಗ್ರಾಮಸ್ಥರು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಅವನು ಇರುವಾಗಲೇ ಈ ಕಾರ್ಯ ನಡೆಯಬೇಕು. ಬದುವಿನ ಮರಕ್ಕೆ ಬೆಲೆ ಕಟ್ಟಲು ಬಂದ ವ್ಯಾಪಾರಿಗೆ ಉತ್ತರ ಕೊಡುವ ಮೊದಲು, ಅದರಲ್ಲಿ ತಮ್ಮ ಕೊಟ್ಟಿಗೆಗೆ ಎಷ್ಟು ತೊಲೆಗಳಿವೆಯೆಂದು ರೈತಬಾಂಧವರು ಒಮ್ಮೆ ದಾರ ಹಿಡಿದು ಅಳೆದು ನೋಡಬೇಕೆಂದು ಕೋರುತ್ತೇನೆ.