120 ಬಂದರೆ ಸರಿ ಅಂದುಕೊಂಡಿದ್ದೆವು

ಲಿಂಕ್ಡ್‌ಇನ್ ನೋಡಿದರೆ ನಾವು ಮೂವರೂ ಕ್ಯಾನ್ ಬಸ್ ಅರೆದು ಕುಡಿದವರು. ಫಸ್ಟ್ ಇಯರ್‌ನಲ್ಲಿ ಎರಡು ದಿನದ ವರ್ಕ್‌ಶಾಪ್, ಸರ್ಟಿಫಿಕೇಟ್, ಗ್ರೂಪ್ ಫೋಟೋ. 1986ರಲ್ಲಿ ಬಾಷ್ ಕಂಪನಿ ಇದನ್ನು ಹೊರಗೆ ತಂದಿತು, ಹೆಣೆದ ಎರಡು ವೈರ್, ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್, ಎಲ್ಲಾ ಬಾಯಿಪಾಠ. ನಮಗೆ ಎಷ್ಟು ಗೊತ್ತು ಅನ್ನೋದು ಗೊತ್ತಾಗಿದ್ದು ಮಾತ್ರ ದಸರಾ ರಜೆಯಲ್ಲಿ, ಹಾಸನ ಕಡೆಯ ಒಂದು ಹೊಲದಲ್ಲಿ, ಕೆಟ್ಟು ನಿಂತ ಬ್ಯಾಕ್‌ಹೋ ಲೋಡರ್ ಮುಂದೆ. (ಊರಲ್ಲಿ ಯಾವ ಕಂಪನಿಯದಾದರೂ ‘ಜೆಸಿಬಿ’ ಅಂತಲೇ ಹೆಸರು. ಇಲ್ಲಿ ಕಂಪನಿ ಮುಖ್ಯ ಅಲ್ಲ.)

ಗಾಡಿ ನಮ್ಮಲ್ಲೊಬ್ಬನ ಮಾವನದು. ಸಾಲದಲ್ಲಿ ತಗೊಂಡಿದ್ದು, ಕೃಷಿ ಹೊಂಡ, ಚರಂಡಿ, ಸೈಟ್ ಲೆವೆಲಿಂಗ್ ಅಂತ ಓಡುತ್ತಿದ್ದರೆ ಮಾತ್ರ ತಿಂಗಳ ಕಂತು ಕಟ್ಟೋಕಾಗೋದು. ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ಮೀಟರ್‌ಗಳೆಲ್ಲ ಸೊನ್ನೆಗೆ ಬೀಳುತ್ತಿದ್ದವು, ಕೆಂಪು ಲೈಟ್ ಹತ್ತಿಕೊಳ್ಳುತ್ತಿತ್ತು, ಇಂಜಿನ್ ಐಡ್ಲಿಂಗ್‌ಗೆ ಇಳಿದು ಆಕ್ಸಿಲರೇಟರ್ ಮಾತೇ ಕೇಳುತ್ತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲ ಅನ್ನೋ ಹಾಗೆ ನಡೆಯುತ್ತಿತ್ತು. ಸರ್ವಿಸ್‌ನವರು ಬಂದು ಲ್ಯಾಪ್‌ಟಾಪ್ ಚುಚ್ಚಿದರು, ಇಂಜಿನ್ ಕಂಟ್ರೋಲರ್ ಜೊತೆ ಕಮ್ಯುನಿಕೇಶನ್ ಇಲ್ಲ ಅಂತ ಬಂತು. ಇಸಿಯು ಬದಲಿಸಬೇಕು, ಒಂದೂವರೆ ಲಕ್ಷದ ಹತ್ತಿರ ಆಗುತ್ತೆ, ಪಾರ್ಟ್ ಬರೋಕೆ ಹತ್ತು ದಿನ ಅಂದರು. ಮಾವ ಆ ರಾತ್ರಿ ಊಟ ಮಾಡಲಿಲ್ಲ.

ಇಂಥ ಯಂತ್ರಗಳಲ್ಲಿ ಇಂಜಿನ್, ಡ್ಯಾಶ್‌ಬೋರ್ಡ್ ಮುಂತಾದವು ಜೆ1939 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಅದೇ ಎರಡು ವೈರ್ ಮೇಲೆ ಮಾತಾಡುತ್ತವೆ, ಹೆಚ್ಚಾಗಿ ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ. ಅದರ ಫಾಲ್ಟ್ ಕೋಡ್‌ನಲ್ಲಿ ಎರಡು ನಂಬರ್. ಎಸ್‌ಪಿಎನ್ ಯಾವುದರಲ್ಲಿ ತೊಂದರೆ ಅಂತ ಹೇಳುತ್ತೆ, ಎಫ್‌ಎಂಐ ಎಂಥ ತೊಂದರೆ ಅಂತ. ಎಸ್‌ಪಿಎನ್ 639 ಅಂದರೆ ನೆಟ್‌ವರ್ಕೇ. ಎಫ್‌ಎಂಐ 9 ಅಂದರೆ ಮೆಸೇಜ್ ಬರಬೇಕಾದ ಹೊತ್ತಿಗೆ ಬರಲಿಲ್ಲ. ಅಷ್ಟೇ. ಯಾಕೆ ಬರಲಿಲ್ಲ ಅಂತ ಕೋಡ್ ಹೇಳಲ್ಲ. ಬಸ್ ಬರಲಿಲ್ಲ ಅಂದರೆ ಡ್ರೈವರ್ ರಜೆ ಹಾಕಿರಬಹುದು, ಟೈರ್ ಪಂಕ್ಚರ್ ಆಗಿರಬಹುದು, ದಾರಿಯಲ್ಲಿ ಮರ ಬಿದ್ದಿರಬಹುದು. ಸ್ಟಾಪ್‌ನಲ್ಲಿ ನಿಂತವನಿಗೆ ಗೊತ್ತಿರೋದು ಬಸ್ ಬರಲಿಲ್ಲ ಅನ್ನೋದೊಂದೇ. ಅವನ ಮಾತು ಕೇಳಿ ಡ್ರೈವರನ್ನೇ ಕೆಲಸದಿಂದ ತೆಗೆದರೆ ಹೇಗೆ?

ಮರುದಿನ ಪೇಟೆಯಿಂದ ಆಟೋ ಎಲೆಕ್ಟ್ರಿಷಿಯನ್ ಅಣ್ಣ ಒಬ್ಬರು ಬಂದರು. ಕೈಯಲ್ಲಿ ಒಂದು ಹಳದಿ ಮಲ್ಟಿಮೀಟರ್. ಮೊದಲು ಬ್ಯಾಟರಿ ಕನೆಕ್ಷನ್ ತೆಗೆದರು. ಕ್ಯಾಬಿನ್‌ನಲ್ಲಿರೋ ದುಂಡನೆಯ 9 ಪಿನ್ ಡಯಾಗ್ನೋಸ್ಟಿಕ್ ಕನೆಕ್ಟರ್‌ನ ಸಿ ಮತ್ತು ಡಿ ಪಿನ್‌ಗೆ ಪ್ರೋಬ್ ಇಟ್ಟರು. ಮೀಟರ್‌ನಲ್ಲಿ 120. ನಾವು ಮೂವರೂ ಒಂದೇ ಉಸಿರಿಗೆ, “ಸರಿಯಾಗೇ ಇದೆಯಲ್ಲಣ್ಣ, 120 ಇರಬೇಕು” ಅಂದೆವು.

ಅವರು ತಲೆ ಎತ್ತದೆ ಕೇಳಿದರು, “ಆ ತುದೀಲೊಂದು, ಈ ತುದೀಲೊಂದು ಇದ್ರೆ ಎರಡೂ ಸೇರಿ ಎಷ್ಟು ಬರ್ಬೇಕ್ರಪ್ಪಾ?”

ಪ್ಯಾರಲಲ್‌ನಲ್ಲಿ ಎರಡು 120 ಇದ್ದರೆ 60. ಹತ್ತನೇ ಕ್ಲಾಸಿನ ಲೆಕ್ಕ. ಯಾರೂ ಬಾಯಿ ಬಿಡಲಿಲ್ಲ.

120 ಬಂತು ಅಂದರೆ ಒಂದು ತುದಿ ಕಾಣುತ್ತಿಲ್ಲ ಅಂತ ಅರ್ಥ: ರೆಸಿಸ್ಟರ್ ಹೋಗಿರಬೇಕು, ಇಲ್ಲವೇ ನಡುವೆ ವೈರ್ ಕಟ್ ಆಗಿರಬೇಕು. ಅಣ್ಣ ಪ್ರೋಬ್‌ಗಳನ್ನು ನಮ್ಮ ಕೈಗೆ ಕೊಟ್ಟು, ಕ್ಯಾಬಿನ್‌ನಿಂದ ಇಂಜಿನ್ ಕಡೆಗೆ ಹೋಗೋ ವೈರ್ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋದರು. “ನಂಬರ್ ಓದ್ತಾ ಇರಿ.” 120, 120, 120. ಇಂಜಿನ್ ಪಕ್ಕದ ಒಂದು ಬ್ರಾಕೆಟ್ ಹತ್ತಿರ ಬಂದಾಗ 60. ಮತ್ತೆ 120. ಮತ್ತೆ 60. ಅಲ್ಲಿ ಕ್ಲಿಪ್ ಬಿಚ್ಚಿ ಹೋಗಿತ್ತು, ಬ್ರಾಕೆಟ್ ಅಂಚಿಗೆ ತೀಡಿ ತೀಡಿ ಹಸಿರು ವೈರ್‌ನ ತಾಮ್ರ ಒಳಗೊಳಗೇ ತುಂಡಾಗಿತ್ತು. ನಾವು ‘ಇಂಟರ್‌ಮಿಟೆಂಟ್ ಓಪನ್ ಸರ್ಕ್ಯೂಟ್’ ಅಂತ ಪಿಸುಗುಟ್ಟಿಕೊಂಡಿದ್ದನ್ನು ಅವರು ಮಾವನಿಗೆ “ಒಳಗೇ ಕಟ್ಟಾಗದೆ, ಆಗಾಗ ಟಚ್ ಆಯ್ತದೆ” ಅಂತ ಹೇಳಿದರು. ನಿಜ ಹೇಳಬೇಕೆಂದರೆ ನಮಗೂ ಅರ್ಥವಾಗಿದ್ದು ಅವರು ಹೇಳಿದ ಮೇಲೆಯೇ. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಎರಡೂ ವೈರನ್ನು ಮೊದಲಿನಂತೆ ಹೆಣೆದು, ಹೊಸ ಕ್ಲಿಪ್ ಹಾಕಿದರು. ಒಟ್ಟು 600 ರೂಪಾಯಿ.

ಮಲ್ಟಿಮೀಟರ್ ಇದ್ದರೆ ಎಲ್ಲಾ ಆಗುತ್ತೆ ಅಂತ ನಾವು ಹೇಳುತ್ತಿಲ್ಲ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಾಗಿವೆ, 40 ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ, ಇಷ್ಟನ್ನು ಅದು ಹೇಳುತ್ತೆ. ಆದರೆ ಬಸ್ ಮಾತಾಡುವಾಗ ಒಂದು ವೈರ್ 2.5ರಿಂದ 3.5 ವೋಲ್ಟ್‌ಗೆ ಏರಿ, ಇನ್ನೊಂದು 1.5ಕ್ಕೆ ಇಳಿಯೋದು ಕಣ್ಣಿಗೆ ಕಾಣಬೇಕಾದರೆ ಸ್ಕೋಪ್ ಬೇಕು. ಮೀಟರ್ ತೋರಿಸೋದು ಬರೀ ಸರಾಸರಿ.

ಸರ್ವಿಸ್‌ಗೆ ಬಂದಿದ್ದ ಹುಡುಗನ ಮೇಲೂ ನಮಗೆ ಸಿಟ್ಟಿಲ್ಲ. ಅವನ ಜಾಗದಲ್ಲಿ ನಾವಿದ್ದರೂ ಅದನ್ನೇ ಹೇಳುತ್ತಿದ್ದೆವು. ಯಾಕಂದರೆ ಲ್ಯಾಬ್‌ನಲ್ಲಿ ನಾವು ದಿನಾ ಮಾಡೋದು ಅದನ್ನೇ. ಔಟ್‌ಪುಟ್ ಬರಲಿಲ್ಲ ಅಂದರೆ “ಸರ್, ಕಿಟ್ ಸರಿ ಇಲ್ಲ” ಅಂತೀವಿ. ಕಿಟ್ ಬದಲಾಗುತ್ತೆ, ವೇವ್‌ಫಾರ್ಮ್ ಬರುತ್ತೆ, ರೆಕಾರ್ಡ್‌ಗೆ ಸೈನ್ ಬೀಳುತ್ತೆ. ಕೆಟ್ಟ ಕಿಟ್ ಯಾಕೆ ಕೆಟ್ಟಿತು ಅಂತ ನಮ್ಮಲ್ಲಿ ಯಾರಾದರೂ ಒಂದು ದಿನ ಕೇಳಿದ್ದೀವಾ? ನಾಲ್ಕು ವರ್ಷ ಕಿಟ್ ಬದಲಿಸಿ ಪಾಸಾದವರು ಹೊಲದಲ್ಲಿ ನಿಂತು ಇಸಿಯು ಬದಲಿಸಿ ಅನ್ನದೆ ಇನ್ನೇನು ಅಂತಾರೆ?

“ರಿಪೇರಿ ಮೆಕ್ಯಾನಿಕ್ ಕೆಲಸ, ನಾವು ಡಿಸೈನ್ ಮಾಡೋರು” ಅಂತ ಸೀನಿಯರ್ ಒಬ್ಬರು ಅಂದರು. ಸರಿ. ಆದರೆ ವೈರನ್ನು ಚೂಪು ಅಂಚಿನ ಪಕ್ಕ ಹಾಯಿಸಿ, ಒಂದೇ ಕ್ಲಿಪ್ ನಂಬಿ ಕೂರೋದೂ ಡಿಸೈನೇ ಅಲ್ವಾ? ಕೆಜಿಎಫ್‌ನ ಬೆಮೆಲ್, ಧಾರವಾಡದ ಟಾಟಾ ಹಿಟಾಚಿ ಅಂತ ಭಾರೀ ಯಂತ್ರ ಮಾಡೋ ಕಾರ್ಖಾನೆಗಳು ನಮ್ಮ ರಾಜ್ಯದಲ್ಲೇ ಇವೆ. 2021ರ ಏಪ್ರಿಲ್‌ನಲ್ಲಿ ಹೊಸ ಎಮಿಷನ್ ನಿಯಮ ಬಂದ ಮೇಲೆ ಚಕ್ರದ ಯಂತ್ರಗಳಲ್ಲಿ ಎಲೆಕ್ಟ್ರಾನಿಕ್ಸ್ ಇನ್ನೂ ಜಾಸ್ತಿಯಾಗಿದೆ. ಆ ವೈರ್‌ಗಳನ್ನು ಮುಂದೆ ಹಾಯಿಸೋರು ನಮ್ಮ ಬ್ಯಾಚಿನವರೇ ಇರಬಹುದು.

ಡಿಪಾರ್ಟ್‌ಮೆಂಟ್‌ಗೆ ನಮ್ಮ ಬೇಡಿಕೆ ಸಣ್ಣದು. ಸೆಮಿಸ್ಟರ್‌ಗೆ ಒಂದೇ ಒಂದು ಲ್ಯಾಬ್, ಬೇಕಂತಲೇ ಕೆಡಿಸಿಟ್ಟ ಕಿಟ್ ಜೊತೆ. ಮಾರ್ಕ್ಸ್ ಔಟ್‌ಪುಟ್‌ಗಲ್ಲ, ತಪ್ಪು ಎಲ್ಲಿದೆ ಅಂತ ಹುಡುಕಿದ್ದಕ್ಕೆ. ಅದು ಆಗೋವರೆಗೆ ಕಾಯೋಕೆ ಮನಸ್ಸಿಲ್ಲದೆ ಗುಜರಿಯಿಂದ ಒಂದು ಹಳೇ ವೈರಿಂಗ್ ಹಾರ್ನೆಸ್ ತಂದು, ಎರಡು ತುದಿಗೂ 120 ಓಮ್ ಹಾಕಿ, ನಡುವೆ ಎಲ್ಲೋ ಒಂದು ಕಡೆ ಕೆಡಿಸಿದ್ದೇವೆ. ಸದ್ಯಕ್ಕೆ ಅದು ಹಾಸ್ಟೆಲ್‌ನಲ್ಲಿ ನಮ್ಮ ಮಂಚದ ಕೆಳಗಿದೆ. ಭಾನುವಾರ ಬನ್ನಿ, ಹುಡುಕಿ. ಮಲ್ಟಿಮೀಟರ್ ಮಾತ್ರ ನೀವೇ ತನ್ನಿ, ನಮ್ಮದರ ಫ್ಯೂಸ್ ಹೋಗಿದೆ.