ಛಾಯಾಚಿತ್ರದ ಸಾಕ್ಷಿಧರ್ಮ

ತಮ್ಮ ಮನೆತನದ ಊರಾದ ತೀರ್ಥಹಳ್ಳಿ ಸೀಮೆಯ ಕುಪ್ಪಳ್ಳಿಯಲ್ಲಿಯೇ ಚಿರವಿಶ್ರಾಂತಿ ಪಡೆದಿರುವ ಪೂರ್ಣಚಂದ್ರ ತೇಜಸ್ವಿಯವರು ಲೇಖಕರಾಗಿದ್ದಷ್ಟೇ ಶ್ರದ್ಧೆಯಿಂದ ಛಾಯಾಗ್ರಾಹಕರೂ ಆಗಿದ್ದು, ಹಕ್ಕಿಯೊಂದರ ಚಿತ್ರಕ್ಕಾಗಿ ಕಾದು ಕುಳಿತಿರುವುದನ್ನೇ ವ್ರತವೆಂಬಂತೆ ನಡೆಸಿದವರು. ಅಂತಹ ಚಿತ್ರದಲ್ಲಿ ಹಕ್ಕಿಯ ಎದೆಗೆ ಅಡ್ಡಬಂದ ಕಡ್ಡಿಯೊಂದನ್ನು ಗಣಕಯಂತ್ರದಲ್ಲಿ ಅಳಿಸಿಹಾಕುವುದು ಇಂದು ಕ್ಷಣಮಾತ್ರದ ಕೆಲಸ. ಆದರೂ ಆ ಕಡ್ಡಿ ಹಕ್ಕಿಯ ವಾಸಸ್ಥಾನದ ಪುರಾವೆಯಾದುದರಿಂದ, ನಿಸರ್ಗ ಛಾಯಾಗ್ರಹಣದ ಅಂತರರಾಷ್ಟ್ರೀಯ ಸ್ಪರ್ಧಾನಿಯಮಗಳು ಅಂಚನ್ನು ಕತ್ತರಿಸುವುದಕ್ಕೆ ಸಮ್ಮತಿಸಿಯೂ ಕಡ್ಡಿಯನ್ನು ಅಳಿಸುವುದಕ್ಕೆ ಸಮ್ಮತಿಸುವುದಿಲ್ಲ. ಹಕ್ಕಿಯ ವಿಷಯದಲ್ಲಿ ಸಲ್ಲುವ ಈ ನಿಷ್ಠೆ ಮನುಷ್ಯರ ಸುಖದುಃಖಗಳನ್ನು ವರದಿಮಾಡುವ ಪತ್ರಿಕೆಗೆ ಬೇಡವೆಂದು ಯಾರು ಹೇಳಿಯಾರು?

ಎಲ್ಲಿ ನಿಂತು, ಯಾವಾಗ ಗುಂಡಿಯೊತ್ತಬೇಕೆಂಬುದೇ ಒಂದು ಆಯ್ಕೆಯಲ್ಲವೆ, ಕತ್ತಲಕೋಣೆಯ ಕಾಲದಲ್ಲಿಯೂ ನೆರಳನ್ನು ತಿಳಿಗೊಳಿಸುತ್ತಿರಲಿಲ್ಲವೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಕಂಡುದರಲ್ಲಿ ಆಯ್ದು ಹೇಳುವುದು ಬೇರೆ; ಕಾಣದುದನ್ನು ಕಂಡೆನೆನ್ನುವುದು ಬೇರೆ. ಕುಪ್ಪಳ್ಳಿಯ ಬೆಟ್ಟವಾದ ಕವಿಶೈಲದ ಶಿಲಾಕಂಬಗಳ ಚಿತ್ರದಿಂದ, ಅಲ್ಲಿ ಯಾರೋ ಎಸೆದುಹೋದ ಪ್ಲಾಸ್ಟಿಕ್ಕನ್ನು ಆಮಂತ್ರಣಪತ್ರಿಕೆಯ ಸೊಬಗಿಗಾಗಿ ಅಳಿಸಿದರೆ ಯಾರಿಗೂ ಮೋಸವಿಲ್ಲ. ಅದೇ ಚಿತ್ರ ಸುದ್ದಿಯ ಪುಟಕ್ಕೆ ಬಂದೊಡನೆ, ಆ ಬೆಟ್ಟವನ್ನು ಕಣ್ಣಾರೆ ಕಾಣಲಾರದ ಓದುಗನಿಗೆ ಅದು ಕಳ್ಳಸಾಕ್ಷಿಯಾಗುತ್ತದೆ.

ಅತ್ಯಂತ ಅಪಾಯಕರವಾದುದು, ತಿದ್ದಿದರೂ ಸತ್ಯದ ಸಾರ ಕೆಡಲಿಲ್ಲವೆಂಬ ಸಮರ್ಥನೆ. 2003ರಲ್ಲಿ ಇರಾಕಿನ ಬಸ್ರಾದ ಬಳಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಬ್ರಯನ್ ವಾಲ್ಸ್ಕಿ, ಕೆಲವೇ ಕ್ಷಣಗಳ ಅಂತರದಲ್ಲಿ ತಾನೇ ತೆಗೆದ ಎರಡು ಚಿತ್ರಗಳನ್ನು ಬೆಸೆದು, ಸೈನಿಕನ ಕೈಸನ್ನೆಯೂ ಮಗುವನ್ನೆತ್ತಿಕೊಂಡವನ ನಿಲುವೂ ಏಕಕಾಲದಲ್ಲಿ ಒದಗಿದಂತೆ ತೋರಿಸಿದನು. ಸೈನಿಕನೂ ನಿಜ, ಮಗುವೂ ನಿಜ. ಆದರೆ ಅವರಿಬ್ಬರೂ ಹಾಗೆ ಎದುರುಬದುರಾಗಿ ನಿಂತ ಗಳಿಗೆಯೊಂದು ಲೋಕದಲ್ಲಿ ಸಂಭವಿಸಿಯೇ ಇರಲಿಲ್ಲ. ಹಿನ್ನೆಲೆಯಲ್ಲಿ ಅದೇ ಜನ ಎರಡೆರಡು ಬಾರಿ ಮೂಡಿದ್ದುದರಿಂದ ಗುಟ್ಟು ರಟ್ಟಾಯಿತು. ಛಾಯಾಚಿತ್ರದ ಪ್ರಾಣವೇ ಗಳಿಗೆ. ಅದನ್ನು ಕಲ್ಪಿಸಿದ ಮೇಲೆ ಉಳಿದ ಸತ್ಯಗಳೆಲ್ಲ ಯಾವ ಉಪಯೋಗಕ್ಕೆ?

ನಮ್ಮ ದೇಶದಲ್ಲಿಯೂ 2015ರ ಚೆನ್ನೈ ಪ್ರವಾಹದ ಸಂದರ್ಭದಲ್ಲಿ, ಪ್ರಧಾನಮಂತ್ರಿಗಳ ವಿಮಾನದ ಕಿಟಕಿಗೆ ಬೇರೊಂದು ನೋಟವನ್ನು ಅಂಟಿಸಿದ ಚಿತ್ರವನ್ನು ಸರ್ಕಾರದ ವಾರ್ತಾ ಸಂಸ್ಥೆಯೇ ಪ್ರಕಟಿಸಿ, ಬಳಿಕ ಹಿಂತೆಗೆದುಕೊಂಡಿತು. 2023ರಲ್ಲಿ ಪ್ರತಿಭಟನೆಯ ವೇಳೆ ಬಂಧಿತರಾಗಿ ದೆಹಲಿಯ ಪೊಲೀಸ್ ಬಸ್ಸಿನಲ್ಲಿ ಕುಳಿತಿದ್ದ ಮಹಿಳಾ ಕುಸ್ತಿಪಟುಗಳ ಮುಖದ ಮೇಲೆ ಇಲ್ಲದ ನಗೆಯನ್ನು ಕೃತಕವಾಗಿ ಮೂಡಿಸಿ ಹರಡಿದುದು ಇನ್ನೂ ಕ್ರೂರವಾದುದು, ಏಕೆಂದರೆ ಅಲ್ಲಿ ಕದ್ದುದು ನೊಂದವರ ನೋವನ್ನೇ.

ವಾಲ್ಸ್ಕಿಯನ್ನು ಪತ್ರಿಕೆ ಕೆಲಸದಿಂದ ತೆಗೆದುದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು, ಬೆಸೆದ ಚಿತ್ರವನ್ನೂ ಅದರ ಎರಡು ಮೂಲಗಳನ್ನೂ ಆ ಪತ್ರಿಕೆಯೇ ಓದುಗರ ಮುಂದಿಟ್ಟು ತಪ್ಪೊಪ್ಪಿಕೊಂಡ ರೀತಿ. ಹೀಗೆ ಮೂಲಪ್ರತಿಯನ್ನು ಕಾಪಿಟ್ಟುಕೊಂಡು, ಕೇಳಿದಾಗ ತೋರಿಸುವ ಕಟ್ಟುಪಾಡನ್ನು ಕನ್ನಡ ಪತ್ರಿಕೆಗಳೂ ತಮ್ಮ ಸುದ್ದಿಮನೆಯಲ್ಲಿ ಲಿಖಿತ ನಿಯಮವಾಗಿ ಅಂಗೀಕರಿಸಬೇಕು.