ದರಕಿನ ಕಾಲಕ್ಕೆ ಮೊದಲೇ ಎಣ್ಣೆ ಬರಲಿ



1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹೊನ್ನಾವರ, ಭಟ್ಕಳ, ಕುಮಟಾದ ಕಾಡಂಚಿಗೆ ಹೊಸದೇನಲ್ಲ. ರೋಗ ದಾಟಿಸುವ ಉಣುಗಿನ ಮರಿ ಎಳ್ಳುಕಾಳಿಗಿಂತ ಚಿಕ್ಕದು. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಮೇವರೆಗೆ, ತರಗೆಲೆಯ, ಅಂದರೆ ದರಕಿನ, ನಡುವೆ ಅದರ ಹಾವಳಿ. ಕೊಟ್ಟಿಗೆಗೆ ದರಕು ಗುಡಿಸಲು ಹೆಂಗಸರು ಬೆಟ್ಟ ಹತ್ತುವುದೂ ಆಗಲೇ. ಸೀರೆ ನೆರಿಗೆಗೆ ಹತ್ತಿ ಬಂದದ್ದು ಕಚ್ಚಿದರೂ ಎಷ್ಟೋ ಸಲ ತಿಳಿಯುವುದಿಲ್ಲ.

ಮಂಗ ಸತ್ತ ಜಾಗದ ಸುತ್ತ 50 ಮೀಟರ್ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಎರಚುವುದು ಸರಿಯೇ. ಇಡೀ ಬೆಟ್ಟಕ್ಕೆ ಎರಚಲಾದೀತೇ?

ಹಳೆಯ ಲಸಿಕೆಯೂ ಪರಿಣಾಮ ಸಾಲದೆಂದು ನಿಂತಿದೆ. ಸದ್ಯಕ್ಕೆ ಕೈಯಲ್ಲಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ. ಅದು ಊರಲ್ಲಿ ಜ್ವರ ಕಾಣಿಸಿದ ಮೇಲಲ್ಲ, ದೀಪಾವಳಿಗೆ ಮೊದಲೇ ಆಶಾ ಕಾರ್ಯಕರ್ತೆಯರಿಗೆ ತಲುಪಬೇಕು. ಮನೆಗೊಂದು ಬಾಟಲಿ ಸಾಲದು. ದರಕಿಗೆ ಹೋಗುವವರು ಎಷ್ಟು ಮಂದಿಯೋ ಅಷ್ಟು ಕೊಡಲಿ.

— ಓದುಗರೊಬ್ಬರು, ಹೊನ್ನಾವರ